ಒಂದೇ ದಾರಿ, ಎರಡು ವೇಗ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಒಂದು ವಿಚಿತ್ರ ಉದ್ಯಾನವಿದೆ. ರಾಜಧಾನಿ ವಾಷಿಂಗ್ಟನ್ನಿನ ಮಗ್ಗುಲಿನ ಆರ್ಲಿಂಗ್ಟನ್ನಿನಲ್ಲಿ ಶುರುವಾಗಿ ಪಶ್ಚಿಮದ ಪರ್ಸೆಲ್‌ವಿಲ್ ಎಂಬ ಸಣ್ಣ ಊರಿನಲ್ಲಿ ಮುಗಿಯುವ ಇದರ ಉದ್ದ ಸುಮಾರು 72 ಕಿಲೋಮೀಟರ್. ಅಗಲ ಮಾತ್ರ 100 ಅಡಿ. ನಡುವೆ ಹತ್ತು ಅಡಿಯಷ್ಟು ಅಗಲದ ಟಾರು ದಾರಿ, ಇಕ್ಕೆಲದಲ್ಲಿ ಹುಲ್ಲು ಮತ್ತು ಮರಗಳು. ಮೋಟಾರು ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ನಡೆಯುವವರು, ಓಡುವವರು, ಸೈಕಲ್ ತುಳಿಯುವವರು, ನಾಯಿ ಹಿಡಿದು ಬರುವವರು, ಮಗುವಿನ ಗಾಡಿ ತಳ್ಳುವವರು ಎಲ್ಲರಿಗೂ ಇದೊಂದೇ ದಾರಿ. ಪೂರ್ತಿ ಹೆಸರು ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್ ಟ್ರೇಲ್. ಬಳಸುವವರ ಬಾಯಲ್ಲಿ ಅದು ಡಬ್ಲ್ಯು ಅಂಡ್ ಓಡಿ. ಹರ್ನ್‌ಡನ್, ಸ್ಟರ್ಲಿಂಗ್, ಆಶ್‌ಬರ್ನ್‌ನಂಥ ಊರುಗಳನ್ನು ಹಾದುಹೋಗುವ ಕಾರಣ, ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಮಕ್ಕಳ ಮನೆಗೆಂದು ಹೋಗಿ ಕೆಲವು ತಿಂಗಳು ಇದ್ದು ಬರುವ ನಮ್ಮೂರಿನ ತಂದೆತಾಯಿಯರಿಗೂ ಈ ದಾರಿ ಪರಿಚಿತವೇ.

ಇಂಥ ದಾರಿಗಳಲ್ಲಿ ಒಂದು ಹಳೆಯ ಜಗಳವಿದೆ. ಓಟಗಾರರು ಜೋಡಿಜೋಡಿಯಾಗಿ ಹರಟುತ್ತ ದಾರಿ ತುಂಬ ಹೋಗುತ್ತಾರೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆಲ್ಲಿಗೂ ಓಗೊಡುವುದಿಲ್ಲ ಎಂಬುದು ಸೈಕಲ್ ಸವಾರರ ದೂರು. ಸವಾರರು ಸದ್ದಿಲ್ಲದೆ ಹಿಂದಿನಿಂದ ಬಂದು ಮೊಣಕೈ ಸವರಿಕೊಂಡು ಹೋಗುತ್ತಾರೆ ಎಂಬುದು ಓಟಗಾರರ ದೂರು. ಎರಡು ಕಡೆಯವರೂ ಇದನ್ನು ನಡವಳಿಕೆಯ ಪ್ರಶ್ನೆ ಎಂದೇ ನೋಡುತ್ತಾರೆ. ಆದರೆ ಸಭ್ಯರು ಮಾತ್ರ ಬಳಸುವ ದಾರಿಯಲ್ಲೂ ಈ ಜಗಳದ ಬಹುಪಾಲು ಉಳಿದೇ ಉಳಿಯುತ್ತದೆ. ದಾರಿ ಹೇಗೆ ಹುಟ್ಟಿತು, ಎಷ್ಟು ಅಗಲವಿದೆ, ಅದರ ಮೇಲೆ ಚಲಿಸುವವರ ವೇಗದಲ್ಲಿ ಎಷ್ಟು ಅಂತರವಿದೆ ಎಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ.

ಮೊದಲು ಹುಟ್ಟಿನ ಕತೆ. ಅಮೆರಿಕದಲ್ಲಿ 1916ರ ಹೊತ್ತಿಗೆ ರೈಲು ಮಾರ್ಗಗಳ ಒಟ್ಟು ಉದ್ದ ಸುಮಾರು 4 ಲಕ್ಷ ಕಿಲೋಮೀಟರ್ ಇತ್ತು. ಆಮೇಲೆ ಕಾರು, ಲಾರಿ ಮತ್ತು ಹೆದ್ದಾರಿಗಳು ಬಂದಂತೆ ಸಣ್ಣ ಮಾರ್ಗಗಳು ಒಂದೊಂದಾಗಿ ಮುಚ್ಚಿದವು. ವರ್ಜೀನಿಯಾದ ಈ ಮಾರ್ಗ 1860ರಲ್ಲಿ ಲೀಸ್‌ಬರ್ಗ್ ಮುಟ್ಟಿತ್ತು. 1951ರಲ್ಲಿ ಪ್ರಯಾಣಿಕರ ರೈಲು ನಿಂತಿತು, 1968ರಲ್ಲಿ ಸರಕು ರೈಲೂ ನಿಂತಿತು. ಹಳಿ ಕಿತ್ತ ಜಾಗವನ್ನು ವಿದ್ಯುತ್ ಕಂಪನಿ ಕೊಂಡುಕೊಂಡಿತು. ತಂತಿ ಎಳೆಯಲು ಇಷ್ಟು ಉದ್ದದ, ಅಡೆತಡೆಯಿಲ್ಲದ ಜಾಗ ಬೇರೆಲ್ಲಿ ಸಿಗುತ್ತದೆ? ಇವತ್ತಿಗೂ ಬಹುದೂರದವರೆಗೆ ಓಡುವವರ ತಲೆಯ ಮೇಲೆ ವಿದ್ಯುತ್ ತಂತಿಗಳು ಸಾಗುತ್ತವೆ. ಉತ್ತರ ವರ್ಜೀನಿಯಾದ ಉದ್ಯಾನ ಪ್ರಾಧಿಕಾರ 1974ರಲ್ಲಿ ಫಾಲ್ಸ್ ಚರ್ಚ್ ಎಂಬ ಊರಿನಲ್ಲಿ ಮೊದಲ ತುಣುಕನ್ನು ತೆರೆಯಿತು. ದಾರಿ ಪರ್ಸೆಲ್‌ವಿಲ್ ತಲುಪಿದ್ದು 1988ರಲ್ಲಿ.

ಇದೇ ಮೊದಲನೆಯದಲ್ಲ. ವಿಸ್ಕಾನ್ಸಿನ್ ರಾಜ್ಯದ ಎಲ್ರಾಯ್–ಸ್ಪಾರ್ಟಾ ದಾರಿ 1960ರ ದಶಕದಲ್ಲೇ ಸಿದ್ಧವಾಗಿತ್ತು. ಆದರೆ ಎಲ್ಲ ಕಡೆ ಜಾಗ ಇಷ್ಟು ಸಲೀಸಾಗಿ ಸಿಗಲಿಲ್ಲ. ಎಷ್ಟೋ ಕಡೆ ರೈಲು ಕಂಪನಿಗೆ ಇದ್ದದ್ದು ನೆಲದ ಒಡೆತನವಲ್ಲ, ಬರೀ ಹಾದುಹೋಗುವ ಹಕ್ಕು. ರೈಲು ನಿಂತರೆ ಆ ಹಕ್ಕು ಕಳೆದುಹೋಗಿ, ಜಮೀನು ಅಕ್ಕಪಕ್ಕದ ರೈತರ ಪಾಲಾಗುತ್ತಿತ್ತು. 1983ರಲ್ಲಿ ಅಮೆರಿಕದ ಸಂಸತ್ತು ಒಂದು ಉಪಾಯ ಹುಡುಕಿತು: ಮುಂದೆ ಎಂದಾದರೂ ರೈಲು ಬೇಕಾದೀತು ಎಂದು ಮಾರ್ಗವನ್ನು ಕಾಯ್ದಿಟ್ಟು, ಅಲ್ಲಿಯವರೆಗೆ ಕಾಲುದಾರಿಯಾಗಿ ಬಳಸಬಹುದು. ಇದನ್ನು ರೈಲ್‌ಬ್ಯಾಂಕಿಂಗ್ ಎನ್ನುತ್ತಾರೆ, ಅಂದರೆ ಮಾರ್ಗವನ್ನು ಠೇವಣಿ ಇಟ್ಟ ಹಾಗೆ. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು. ಮಿಸೌರಿ ರಾಜ್ಯದಲ್ಲಿ ಸುಮಾರು 385 ಕಿಲೋಮೀಟರ್ ಉದ್ದಕ್ಕೆ ಸಾಗುವ ಕೇಟಿ ಟ್ರೇಲ್ ಹೀಗೆ ಉಳಿದುಕೊಂಡ ಮಾರ್ಗ.

ರೈಲಿಗಾಗಿ ಕಟ್ಟಿದ ದಾರಿಗೆ ರೈಲಿನದೇ ಗುಣಗಳು ಅಂಟಿಕೊಂಡಿರುತ್ತವೆ. ಉಕ್ಕಿನ ಚಕ್ರಕ್ಕೂ ಉಕ್ಕಿನ ಹಳಿಗೂ ನಡುವೆ ಹಿಡಿತ ಬಹಳ ಕಡಿಮೆ. ಹಾಗಾಗಿ ಎಂಜಿನ್ನಿಗೆ ಕಡಿದಾದ ಏರು ಆಗದು. ಗುಡ್ಡ ಅಡ್ಡ ಬಂದರೆ ಸೀಳುತ್ತಾರೆ, ತಗ್ಗು ಬಂದರೆ ಮಣ್ಣಿನ ಒಡ್ಡು ಹಾಕುತ್ತಾರೆ, ತಿರುವನ್ನು ದೊಡ್ಡದಾಗಿ ಬಳಸಿ ಒಯ್ಯುತ್ತಾರೆ. ಪಶ್ಚಿಮಘಟ್ಟವನ್ನು ಇಳಿಯುವ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದಲ್ಲಿ ಕೂಡ ಏರಿಳಿತ 50 ಮೀಟರಿಗೆ 1 ಮೀಟರ್ ಮಾತ್ರ. ಅಷ್ಟನ್ನು ಸಾಧಿಸಲು 57 ಸುರಂಗಗಳು ಬೇಕಾದವು. ಗೇಜ್ ಪರಿವರ್ತನೆಗೆಂದು ರೈಲು ನಿಂತಿದ್ದ ವರ್ಷಗಳಲ್ಲಿ ಆ ಹಳಿಯ ಮೇಲೆ ಚಾರಣ ಮಾಡಿದವರಿಗೆ ಇದು ಕಾಲಿನ ಅನುಭವದಿಂದಲೇ ಗೊತ್ತು. ಸುತ್ತ ಬೆಟ್ಟಗಳು ಎದ್ದು ನಿಂತಿದ್ದರೂ ದಾರಿ ಮಾತ್ರ ಸಮತಟ್ಟು ಎನಿಸುತ್ತಿತ್ತು. (ಈಗ ಅಲ್ಲಿ ರೈಲು ಓಡುತ್ತಿದೆ, ಚಾರಣಕ್ಕೆ ನಿಷೇಧವಿದೆ, ಹೋಗಬೇಡಿ.)

ಸಮತಟ್ಟಾದ ದಾರಿ, ದೊಡ್ಡ ತಿರುವು, ಕಾರಿನ ಭಯವಿಲ್ಲ. ಓಟಗಾರರಿಗೆ ಇದಕ್ಕಿಂತ ಹಿತವಾದದ್ದು ಇನ್ನೇನಿದೆ? ಮಂಡಿಗೆ ಇಳಿಜಾರಿನ ಹೊಡೆತ ಬೀಳುವುದಿಲ್ಲ, ಉಸಿರಿನ ಲಯ ತಪ್ಪುವುದಿಲ್ಲ, ಅರ್ಧ ಮೈಲಿಗೊಂದು ಕಲ್ಲು ಇರುವುದರಿಂದ ವೇಗ ಅಳೆಯುವುದೂ ಸುಲಭ. ಆದರೆ ಇದೇ ಗುಣಗಳು ಸೈಕಲ್ ಸವಾರರನ್ನೂ ಕರೆಯುತ್ತವೆ, ಜೊತೆಗೆ ಅವರ ವೇಗವನ್ನೂ ಹೆಚ್ಚಿಸುತ್ತವೆ. ಊರೊಳಗಿನ ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರಿನಲ್ಲಿ ಹೋಗುವವರು ಇಲ್ಲಿ ವಿಶೇಷ ಶ್ರಮವಿಲ್ಲದೆ 25 ಮುಟ್ಟುತ್ತಾರೆ. ಓಟಗಾರರ ವೇಗ ಮಾತ್ರ 10ರ ಆಸುಪಾಸಿನಲ್ಲೇ ಇರುತ್ತದೆ. ದಾರಿ ಎಷ್ಟು ಚೆನ್ನಾಗಿದೆಯೋ ಇಬ್ಬರ ನಡುವಿನ ಅಂತರ ಅಷ್ಟು ದೊಡ್ಡದಾಗುತ್ತದೆ. ಕಷ್ಟದ ಬೀಜ ಇರುವುದು ಇಲ್ಲಿ.

ಈಗ ಅಗಲದ ಲೆಕ್ಕ. ಹತ್ತು ಅಡಿ ಎಂದರೆ ಸುಮಾರು 3 ಮೀಟರ್. ಸೈಕಲ್ ಹ್ಯಾಂಡಲ್ಲಿನ ಅಗಲ ಮುಕ್ಕಾಲು ಮೀಟರಿಗಿಂತ ಕಡಿಮೆಯೇ ಇದ್ದರೂ, ತುಳಿಯುವಾಗ ಅದು ನೇರ ಗೆರೆಯಲ್ಲಿ ಹೋಗುವುದಿಲ್ಲ. ಅತ್ತಿತ್ತ ಸ್ವಲ್ಪ ವಾಲಾಡುತ್ತಲೇ ಸಾಗುತ್ತದೆ. ಆದ್ದರಿಂದ ಎಂಜಿನಿಯರುಗಳು ಒಬ್ಬ ಸವಾರನಿಗೆ 4 ಅಡಿ, ಅಂದರೆ ಸುಮಾರು 1.2 ಮೀಟರ್ ಬೇಕು ಎಂದು ಎಣಿಸುತ್ತಾರೆ. ಓಡುವವರಿಗೆ ಕೈ ಬೀಸುವ ಜಾಗವೂ ಸೇರಿ ಮುಕ್ಕಾಲು ಮೀಟರ್ ಎಂದುಕೊಳ್ಳೋಣ. ಒಬ್ಬ ಓಟಗಾರ, ಅವನನ್ನು ದಾಟುತ್ತಿರುವ ಒಬ್ಬ ಸವಾರ, ಎದುರಿನಿಂದ ಬರುತ್ತಿರುವ ಇನ್ನೊಬ್ಬ ಸವಾರ ಒಂದೇ ಕ್ಷಣ ಒಂದೇ ಕಡೆ ಸೇರಿದರೆ ಬೇಕಾಗುವುದು 3.15 ಮೀಟರ್. ದಾರಿ ಇರುವುದು ಅದಕ್ಕಿಂತ ಕಡಿಮೆ. ಇಬ್ಬರು ಓಟಗಾರರು ಜೊತೆಯಾಗಿ ಹೋಗುತ್ತಿದ್ದರಂತೂ ಅವರು ಮತ್ತು ದಾಟುವ ಒಬ್ಬ ಸವಾರ ಸೇರಿಯೇ 2.7 ಮೀಟರ್ ತಿಂದುಬಿಡುತ್ತಾರೆ. ಎದುರು ಬರುವವರಿಗೆ ಉಳಿಯುವುದು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು.

ಮೂರು ಸಾಲು ಹಿಡಿಸಬೇಕಾದರೆ ಕನಿಷ್ಠ 11 ಅಡಿ ಬೇಕು ಎಂದು ಅಮೆರಿಕದ ಹೆದ್ದಾರಿ ಇಲಾಖೆಗಾಗಿ ನಡೆದ ಅಧ್ಯಯನ 2006ರಲ್ಲೇ ಹೇಳಿತ್ತು. ಹತ್ತಕ್ಕೂ ಹನ್ನೊಂದಕ್ಕೂ ಒಂದಡಿಯ ವ್ಯತ್ಯಾಸ ಅಲ್ಪವೆಂದು ಕಾಣಬಹುದು. ಆದರೆ ಆ ಒಂದಡಿ ಇಲ್ಲದಿದ್ದರೆ ಮೂರನೆಯ ಸಾಲು ಎಂಬುದೇ ಇರುವುದಿಲ್ಲ: ಎದುರಿನಿಂದ ಯಾರಾದರೂ ಬರುತ್ತಿದ್ದರೆ ಹಿಂದಿನ ಸವಾರ ಬ್ರೇಕ್ ಹಿಡಿದು ಕಾಯಬೇಕು. ಈ ಕಾಯುವಿಕೆಯೇ ಸವಾರರಿಗೆ ಕಿರಿಕಿರಿ. ಅದಕ್ಕೊಂದು ದೈಹಿಕ ಕಾರಣವೂ ಇದೆ. ಚಲಿಸುವ ವಸ್ತುವಿನಲ್ಲಿ ಶೇಖರವಾಗಿರುವ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಬ್ರೇಕ್ ಹಿಡಿದಾಗ ಅದೆಲ್ಲ ಶಾಖವಾಗಿ ಹೋಗುತ್ತದೆ, ಮತ್ತೆ ಗಳಿಸಲು ತೊಡೆಯೇ ದುಡಿಯಬೇಕು. ಸೈಕಲ್ ತುಳಿಯುವವರು ನಿಲ್ಲಲು ಒಲ್ಲದಿರುವುದು ಹೆಚ್ಚಾಗಿ ಸೊಕ್ಕಿನಿಂದಲ್ಲ, ದೇಹದ ಜಿಪುಣತನದಿಂದ.

ಆದರೆ ಇದೇ ಸೂತ್ರ ಓಟಗಾರರ ಭಯವನ್ನೂ ವಿವರಿಸುತ್ತದೆ. ಒಂದೇ ತೂಕದ ಇಬ್ಬರಲ್ಲಿ ಒಬ್ಬರು 10ರ ವೇಗದಲ್ಲಿ, ಇನ್ನೊಬ್ಬರು 25ರ ವೇಗದಲ್ಲಿದ್ದರೆ, ಎರಡನೆಯವರಲ್ಲಿರುವ ಶಕ್ತಿ ಆರು ಪಟ್ಟಿಗೂ ಹೆಚ್ಚು. ಸೈಕಲ್ಲಿನ ತೂಕ ಬೇರೆ. ಡಿಕ್ಕಿಯಾದರೆ ಇಬ್ಬರೂ ಬೀಳುತ್ತಾರೆ ನಿಜ, ಆದರೆ ಆ ಪೆಟ್ಟನ್ನು ತಂದವರು ಒಬ್ಬರೇ. ಮುದುಕರಿಗೂ ಮಕ್ಕಳಿಗೂ ಅದು ಇನ್ನೂ ದುಬಾರಿ.

ಇನ್ನು ದಾಟುವಿಕೆಯ ಲೆಕ್ಕ. ಇದನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಿ ನೋಡಬಹುದು. 5 ಕಿಲೋಮೀಟರ್ ಉದ್ದದ ದಾರಿ. ಎರಡೂ ದಿಕ್ಕಿನಲ್ಲಿ 200 ಮೀಟರಿಗೊಬ್ಬರಂತೆ ಓಟಗಾರರು. ಅವರ ವೇಗ ಗಂಟೆಗೆ 10 ಕಿಲೋಮೀಟರ್. ಗಂಟೆಗೆ 25 ಕಿಲೋಮೀಟರಿನಲ್ಲಿ ಹೋಗುವ ಸವಾರ ಈ ದೂರವನ್ನು 12 ನಿಮಿಷದಲ್ಲಿ ಮುಗಿಸುತ್ತಾನೆ. ಅಷ್ಟರಲ್ಲಿ ತನ್ನ ದಿಕ್ಕಿನ 15 ಓಟಗಾರರನ್ನು ಹಿಂದೆ ಹಾಕುತ್ತಾನೆ, ಎದುರಿನ 35 ಮಂದಿ ಅವನ ಪಕ್ಕದಲ್ಲಿ ಹಾದುಹೋಗುತ್ತಾರೆ. ಅದೇ ಸವಾರ ವೇಗವನ್ನು 15ಕ್ಕೆ ಇಳಿಸಿದರೆ ಹಿಡಿಯುವ ಸಮಯ 20 ನಿಮಿಷ. ಎದುರಾಗುವವರು 40 ದಾಟುತ್ತಾರೆ, ಆದರೆ ಹಿಂದೆ ಹಾಕಬೇಕಾದವರು ಸುಮಾರು 8 ಮಂದಿಗೆ ಇಳಿಯುತ್ತಾರೆ. ಎದುರಾಗುವವರಿಂದ ತೊಂದರೆ ಕಡಿಮೆ. ಇಬ್ಬರಿಗೂ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತದೆ, ತಮ್ಮ ತಮ್ಮ ಬದಿಯಲ್ಲಿ ಹೋಗುತ್ತಾರೆ. ಬೆನ್ನ ಹಿಂದಿನಿಂದ ದಾಟುವುದೇ ಅಪಾಯದ ಘಳಿಗೆ. ವೇಗ ಇಳಿಸಿದರೆ ಅಂಥ ಘಳಿಗೆಗಳೇ ಅರ್ಧಕ್ಕಿಳಿಯುತ್ತವೆ. 5 ಕಿಲೋಮೀಟರಿಗೆ ತೆರುವ ಬೆಲೆ 8 ನಿಮಿಷ.

ಓಟಗಾರರು ಯಾವ ಬದಿಯಲ್ಲಿ ಓಡಬೇಕು ಎಂಬುದರ ಬಗ್ಗೆಯೂ ಗೊಂದಲವಿದೆ. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಕಾಲುಹಾದಿಯಿಲ್ಲದ ರಸ್ತೆಯಲ್ಲಿ ನಡೆಯುವವರು ಎಡಬದಿ ಹಿಡಿದು, ಎದುರು ಬರುವ ವಾಹನವನ್ನು ನೋಡುತ್ತ ಹೋಗಬೇಕು ಎಂದು ಅಲ್ಲಿ ಶಾಲೆಯಲ್ಲೇ ಕಲಿಸುತ್ತಾರೆ. ಅದನ್ನೇ ಟ್ರೇಲಿನಲ್ಲೂ ಪಾಲಿಸುವ ಓಟಗಾರರು ಇದ್ದಾರೆ. ಆದರೆ ಟ್ರೇಲಿನ ನಿಯಮ ಬೇರೆ: ಎಲ್ಲರೂ ಬಲಕ್ಕೆ, ದಾಟುವವರು ಎಡದಿಂದ. ಒಂದೇ ದೇಶದಲ್ಲಿ ಎರಡು ವಿರುದ್ಧ ನಿಯಮಗಳೇಕೆ? ರಸ್ತೆಯಲ್ಲಿ ಕಾರಿನ ವೇಗ ಎಷ್ಟು ಹೆಚ್ಚೆಂದರೆ, ನಡೆಯುವವರು ಯಾವ ದಿಕ್ಕಿಗೆ ಹೋದರೂ ವ್ಯತ್ಯಾಸ ಅಲ್ಪ. ಕಾರನ್ನು ಮೊದಲೇ ಕಂಡು ಪಕ್ಕಕ್ಕೆ ಹಾರುವುದೊಂದೇ ರಕ್ಷಣೆ. ಟ್ರೇಲಿನಲ್ಲಿ ಹಾಗಲ್ಲ. ಒಬ್ಬರಿಗೊಬ್ಬರು ಹತ್ತಿರವಾಗುವ ವೇಗವನ್ನು ಸಾಪೇಕ್ಷ ವೇಗ ಎನ್ನುತ್ತಾರೆ. ಓಟಗಾರ ಸವಾರನ ದಿಕ್ಕಿನಲ್ಲೇ ಇದ್ದರೆ ಅದು ಗಂಟೆಗೆ 15 ಕಿಲೋಮೀಟರ್. ಅದೇ ಸಾಲಿನಲ್ಲಿ ಎದುರಿಗೆ ಬಂದರೆ 35. ಅದಕ್ಕಿಂತ ಮುಖ್ಯವಾದದ್ದು, ಒಂದೇ ದಿಕ್ಕಿನಲ್ಲಿದ್ದರೆ ಸವಾರ ವೇಗ ತಗ್ಗಿಸಿ ಓಟಗಾರನ ಬೆನ್ನ ಹಿಂದೆ ಬೇಕಾದಷ್ಟು ಹೊತ್ತು ಕಾಯಬಹುದು. ಎದುರುಬದುರಾದರೆ ಕಾಯುವ ಅವಕಾಶವೇ ಇಲ್ಲ. ಇಬ್ಬರಲ್ಲೊಬ್ಬರು ಸಾಲು ಬಿಡಲೇಬೇಕು.

ನಮ್ಮವರಿಗೆ ಇದು ಇನ್ನಷ್ಟು ತೊಡಕು. ಜೀವನವಿಡೀ ಎಡಬದಿಯಲ್ಲಿ ನಡೆದು ಅಭ್ಯಾಸವಾದವರು ಆಶ್‌ಬರ್ನ್‌ನಲ್ಲಿ ಬೆಳಗಿನ ವಾಕಿಂಗಿಗೆ ಹೊರಟರೆ ಕಾಲು ತಾನಾಗಿ ಎಡಕ್ಕೆ ಎಳೆಯುತ್ತದೆ. ಹಿಂದಿನಿಂದ ಸವಾರರು ಇಂಗ್ಲಿಷಿನಲ್ಲಿ ‘ಎಡಗಡೆಯಿಂದ ಬರುತ್ತಿದ್ದೇನೆ’ ಎಂಬರ್ಥದಲ್ಲಿ ಆನ್ ಯುವರ್ ಲೆಫ್ಟ್ ಎಂದು ಕೂಗುತ್ತಾರೆ. ಕೇಳಿದವರ ಕಿವಿಗೆ ಬೀಳುವುದು ಕೊನೆಯ ಪದ ಮಾತ್ರ; ಅದನ್ನು ಅಪ್ಪಣೆ ಎಂದುಕೊಂಡು ಎಡಕ್ಕೇ ಸರಿಯುತ್ತಾರೆ, ಸರಿಯಾಗಿ ಸೈಕಲ್ಲಿನ ದಾರಿಗೆ. ಇದು ನಮ್ಮವರ ಪೆದ್ದುತನವೇನೂ ಅಲ್ಲ, ಅಮೆರಿಕನ್ನರೂ ಹೀಗೇ ಮಾಡುತ್ತಾರೆ. ಬೆನ್ನ ಹಿಂದೆ ಸದ್ದಾದರೆ ತಿರುಗಿ ನೋಡುವುದು ಮನುಷ್ಯ ಸ್ವಭಾವ, ತಲೆ ತಿರುಗಿದ ಕಡೆಗೆ ಹೆಜ್ಜೆಯೂ ವಾಲುತ್ತದೆ.

ಆದ್ದರಿಂದ ಎಚ್ಚರಿಕೆ ಕೊಡುವುದಷ್ಟೇ ಸಾಲದು, ಯಾವಾಗ ಕೊಡುತ್ತೇವೆ ಎಂಬುದೂ ಮುಖ್ಯ. ಸದ್ದು ಕೇಳಿ, ಅರ್ಥವಾಗಿ, ಪಕ್ಕಕ್ಕೆ ಸರಿದು, ಮತ್ತೆ ನೇರವಾಗಲು ಓಡುವವರಿಗೆ ಮೂರು ನಾಲ್ಕು ಸೆಕೆಂಡಾದರೂ ಬೇಕು. ಗಂಟೆಗೆ 15 ಕಿಲೋಮೀಟರಿನ ಸಾಪೇಕ್ಷ ವೇಗ ಎಂದರೆ ಸೆಕೆಂಡಿಗೆ 4 ಮೀಟರಿಗಿಂತ ತುಸು ಹೆಚ್ಚು. ಹಾಗಾಗಿ ಬೆಲ್ ಬಾರಿಸಬೇಕಾದದ್ದು 15–17 ಮೀಟರ್ ದೂರದಲ್ಲಿ. ಬಹಳಷ್ಟು ಸವಾರರು ಐದು ಮೀಟರಿಗೆ ಬಂದ ಮೇಲೆ ಬಾರಿಸುತ್ತಾರೆ. ಅದರಿಂದ ಓಟಗಾರರು ಬೆಚ್ಚಿಬೀಳುವುದಷ್ಟೇ ಲಾಭ. ವರ್ಜೀನಿಯಾದ ಕಾನೂನಿನಲ್ಲಿ ಈ ಎಚ್ಚರಿಕೆ ಸೌಜನ್ಯದ ಮಾತಾಗಿ ಉಳಿದಿಲ್ಲ: ಹಂಚಿಕೊಂಡ ದಾರಿಯಲ್ಲಿ ಸೈಕಲ್ ಸವಾರರು ಪಾದಚಾರಿಗಳಿಗೆ ದಾರಿ ಬಿಟ್ಟುಕೊಡಬೇಕು, ದಾಟುವ ಮೊದಲು ಕೇಳುವಂಥ ಸದ್ದು ಮಾಡಲೇಬೇಕು.

ಸದ್ದು ಕೇಳಲಿಲ್ಲ ಎಂದಿಟ್ಟುಕೊಳ್ಳಿ. ಆಗ ಬ್ರೇಕೇ ಗತಿ. ಗಂಟೆಗೆ 25 ಕಿಲೋಮೀಟರಿನಲ್ಲಿ ಸೈಕಲ್ ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತದೆ. ಅಪಾಯ ಕಂಡು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡು ಹೋದರೆ 10 ಮೀಟರ್ ಆಗಲೇ ಮುಗಿದಿರುತ್ತದೆ. ಒಣ ಟಾರಿನ ಮೇಲೆ ನಿಲ್ಲಲು ಇನ್ನು 8 ಮೀಟರ್. ಒಟ್ಟು 18. ವೇಗ 15 ಇದ್ದರೆ ಇದೆಲ್ಲ 9 ಮೀಟರಿನಲ್ಲಿ ಮುಗಿಯುತ್ತದೆ. ಮಳೆಯಲ್ಲೋ, ಉದುರಿದ ಎಲೆಗಳ ಮೇಲೋ ಲೆಕ್ಕ ಇನ್ನೂ ಕೆಡುತ್ತದೆ. ಓಟಗಾರರಿಗೆ ಒಂದು ವಿಚಿತ್ರ ಅಭ್ಯಾಸವಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಇಂತಿಷ್ಟು ಮೈಲಿ ಎಂದು ಗುರಿಯಿಟ್ಟುಕೊಂಡು ಬಂದವರು ಮೈಲಿಗಲ್ಲು ಮುಟ್ಟಿದ ತಕ್ಷಣ, ಹಿಂದೆ ಯಾರಿದ್ದಾರೆಂದು ನೋಡದೆ, ನಿಂತಲ್ಲೇ ತಿರುಗಿಬಿಡುತ್ತಾರೆ. ಕಣ್ಣು ಕೈಗಡಿಯಾರದ ಮೇಲಿರುತ್ತದೆ. ಇದಕ್ಕೆ ಯಾವ ಬ್ರೇಕೂ ಉತ್ತರವಲ್ಲ.

ಟ್ರೇಲು ರಸ್ತೆಯನ್ನು ಅಡ್ಡಹಾಯುವ ಜಾಗಗಳದ್ದು ಬೇರೆಯೇ ಅಪಾಯ. ಅಲ್ಲಿ ಎದುರಾಗುವುದು ಕಾರು. ಕಾರಿನವರು ಅಡ್ಡಪಟ್ಟೆಯ ಬಳಿ ನಡೆಯುವ ವೇಗದವರನ್ನು ನಿರೀಕ್ಷಿಸಿ, ದಾರಿಯ ತುದಿಯನ್ನಷ್ಟೇ ನೋಡುತ್ತಾರೆ. 25ರ ವೇಗದಲ್ಲಿ ಬರುವ ಸವಾರ ಆ ಕ್ಷಣ ಇನ್ನೂ ಮರದ ಮರೆಯಲ್ಲಿರುತ್ತಾನೆ. ಹಾಗಾಗಿ ಇಲ್ಲಿ ಸೈಕಲ್ಲಿನವರು ನಿಜಕ್ಕೂ ನಿಲ್ಲಬೇಕು. ಕಾರುಗಳು ನುಗ್ಗದಿರಲೆಂದು ಹಿಂದೆ ಇಂಥ ಕಡೆ ಕಂಬ ನೆಡುತ್ತಿದ್ದರು. ಗುಂಪಿನಲ್ಲಿ ಹಿಂದೆ ಬರುವ ಸವಾರರಿಗೆ ಅದು ಕಾಣದೆ ಗುದ್ದಿಕೊಳ್ಳುತ್ತಿದ್ದುದರಿಂದ ಈಗ ಎಂಜಿನಿಯರುಗಳೇ ಕಂಬ ಬೇಡ ಎನ್ನುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಬ್ಯಾಟರಿ ಸೈಕಲ್ಲುಗಳು ಸೇರಿಕೊಂಡಿವೆ. ಅಮೆರಿಕದ ಹಲವು ರಾಜ್ಯಗಳು ಇವನ್ನು ಮೂರು ವರ್ಗ ಮಾಡಿವೆ. ಮೊದಲ ಎರಡರಲ್ಲಿ ಮೋಟಾರಿನ ನೆರವು ಗಂಟೆಗೆ 32 ಕಿಲೋಮೀಟರಿಗೆ, ಮೂರನೆಯದರಲ್ಲಿ 45 ಕಿಲೋಮೀಟರಿಗೆ ನಿಲ್ಲುತ್ತದೆ. ಮಂಡಿನೋವಿನವರಿಗೆ, ಕೆಲಸಕ್ಕೆ ಹೋಗಿಬರುವವರಿಗೆ ಇವು ದೊಡ್ಡ ಉಪಕಾರ. ಆದರೆ ತುಳಿಯುವ ಆಯಾಸ ಮೊದಲು ವೇಗಕ್ಕೊಂದು ಮಿತಿ ಹಾಕುತ್ತಿತ್ತು. ಈಗ ಅದು ಇಲ್ಲ. ಇಂಥ ದಾರಿಗಳನ್ನು ಸಾಮಾನ್ಯವಾಗಿ ಗಂಟೆಗೆ 29 ಕಿಲೋಮೀಟರನ್ನು ಮನಸ್ಸಿನಲ್ಲಿಟ್ಟು ವಿನ್ಯಾಸ ಮಾಡುತ್ತಾರೆ ಎಂಬುದನ್ನು ನೆನೆದರೆ ಇದರ ಅರ್ಥ ಹೊಳೆಯುತ್ತದೆ.

ಪರಿಹಾರವೇನು? ದಾರಿಯ ಮೇಲ್ಮೈಯನ್ನೇ ಬದಲಿಸುವುದು ಒಂದು. ಕೇಟಿ ಟ್ರೇಲಿಗೆ ಟಾರಿಲ್ಲ, ಪುಡಿಮಾಡಿದ ಸುಣ್ಣಕಲ್ಲು ಹಾಸಿದ್ದಾರೆ. ಅದರ ಮೇಲೆ ಸೈಕಲ್ಲಿನ ವೇಗ ತಾನಾಗಿ ತಗ್ಗುತ್ತದೆ, ಓಡುವವರ ಕಾಲಿಗೂ ಹಿತ. ಎಲ್ರಾಯ್–ಸ್ಪಾರ್ಟಾ ದಾರಿಯ ಕತ್ತಲೆಯ ಸುರಂಗಗಳಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಹೋಗಬೇಕು. ಆದರೆ ಸಾವಿರಾರು ಜನ ಕಚೇರಿಗೆ ಹೋಗಿಬರುವ ಊರಿನ ದಾರಿಗೆ ಇವು ಒಗ್ಗುವುದಿಲ್ಲ. ವರ್ಜೀನಿಯಾದ ಟ್ರೇಲಿನ ಪಕ್ಕದಲ್ಲಿ, ವಿಯೆನ್ನಾ ಎಂಬ ಊರಿನಿಂದ ಆಚೆಗೆ, ಕುದುರೆ ಸವಾರಿಗೆಂದು ಬೇರೆ ಜಲ್ಲಿ ದಾರಿಯೊಂದಿದೆ. ಜಾಣ ಓಟಗಾರರು ಜನಜಂಗುಳಿಯ ದಿನ ಅದನ್ನು ಹಿಡಿಯುತ್ತಾರೆ. (ಕುದುರೆ ಎದುರಾದರೆ ಓಟ ನಿಲ್ಲಿಸಿ ನಡೆಯಿರಿ, ಮೆಲ್ಲಗೆ ಮಾತಾಡಿ, ಬೆದರುವುದು ಅದರ ಹುಟ್ಟುಗುಣ.) ಫಾಲ್ಸ್ ಚರ್ಚ್‌ನಲ್ಲಿ ಮಾತ್ರ ಸಮಸ್ಯೆಯ ಮೂಲಕ್ಕೇ ಕೈ ಹಾಕಿದ್ದಾರೆ. ಅಲ್ಲಿ ಹಳೆಯ ಒಂದು ದಾರಿಯ ಬದಲು ಸೈಕಲ್ಲಿಗೆ 11 ಅಡಿ, ನಡೆಯುವ ಮತ್ತು ಓಡುವವರಿಗೆ 8 ಅಡಿ, ಹೀಗೆ ಎರಡು ಪ್ರತ್ಯೇಕ ದಾರಿಗಳಾಗಿವೆ. ನೂರಡಿ ಅಗಲದ ಜಾಗ ಕೈಯಲ್ಲಿದ್ದುದರಿಂದ ಇದು ಸಾಧ್ಯವಾಯಿತು. ಜಾಗವಿರುವ, ಜನ ತುಂಬುವ ಎಲ್ಲ ಕಡೆಯೂ ಮಾಡಬೇಕಾದದ್ದು ಇದನ್ನೇ ಎಂದು ನನಗನಿಸುತ್ತದೆ. ದಾರಿಯುದ್ದಕ್ಕೂ ಸಭ್ಯತೆಯ ಫಲಕ ನೆಡುವುದು ಅಗ್ಗ, ಆದರೆ ಫಲಕ ದಾರಿಯನ್ನು ಅಗಲ ಮಾಡುವುದಿಲ್ಲ.

ಅದಾಗುವವರೆಗೆ ಹೊಣೆ ಇಬ್ಬರದೂ ಹೌದು, ಸಮಪಾಲು ಮಾತ್ರ ಅಲ್ಲ. ಹೆಚ್ಚು ಶಕ್ತಿಯನ್ನು ಹೊತ್ತು ತರುವವರು, ಹಿಂದಿನಿಂದ ಬರುವುದರಿಂದ ಮುಂದಿನವರನ್ನು ಕಾಣಬಲ್ಲವರು ಸೈಕಲ್ ಸವಾರರು. ಜನ ಹೆಚ್ಚಿರುವ ವಾರಾಂತ್ಯದ ಬೆಳಗಿನಲ್ಲಿ ವೇಗವನ್ನು 15ಕ್ಕೆ ಇಳಿಸುವ, ದೂರದಿಂದಲೇ ಬೆಲ್ ಬಾರಿಸುವ, ಎದುರಿನ ಸಾಲು ಖಾಲಿಯಾಗುವವರೆಗೆ ಕಾಯುವ ಕೆಲಸ ಅವರದೇ. ವೇಗವಾಗಿ ತುಳಿಯಲೇಬೇಕೆಂದರೆ ನಸುಕಿನಲ್ಲಿ ಬರಲಿ, ಇಲ್ಲವೇ ಲೀಸ್‌ಬರ್ಗ್ ದಾಟಿದ ಮೇಲಿನ ಜನವಿರಳ ಭಾಗಕ್ಕೆ ಹೋಗಲಿ. ಓಟಗಾರರು ಮಾಡಬೇಕಾದದ್ದು ಇಷ್ಟೇ: ಬಲಬದಿ ಹಿಡಿಯಿರಿ, ದಾರಿ ತುಂಬಿದಾಗ ಒಬ್ಬರ ಹಿಂದೊಬ್ಬರಾಗಿ, ಒಂದು ಕಿವಿಯನ್ನಾದರೂ ತೆರೆದಿಡಿ, ತಿರುಗುವ ಮೊದಲು ಹಿಂದೆ ನೋಡಿ. ಮುಂದಿನ ಬೇಸಿಗೆಯಲ್ಲಿ ಮಗಳ ಮನೆಗೆ ಹೊರಟಿರುವ ಹಿರಿಯರಿಗೂ ಅದೇ ಮಾತು: ಅಲ್ಲಿ ನಡೆಯುವುದು ಬಲಕ್ಕೆ, ಬೆನ್ನ ಹಿಂದೆ ಬೆಲ್ ಕೇಳಿದರೆ ಯಾವ ಕಡೆಗೂ ಹಾರಬೇಡಿ, ನೀವಿದ್ದ ಗೆರೆಯಲ್ಲೇ ನಡೆಯುತ್ತಿರಿ. ನಿಮ್ಮನ್ನು ಬಳಸಿಕೊಂಡು ಹೋಗಬೇಕಾದದ್ದು ಸೈಕಲ್ಲಿನವರ ಕರ್ತವ್ಯ, ಅಲ್ಲಿನ ಕಾನೂನೂ ಅದನ್ನೇ ಹೇಳುತ್ತದೆ.